ಕೊಳ ಹಸಿರಿದ್ದಾಗ ಹೊರಟವನಿಗೆ

ಉಪ್ಪಿನಾಗರದ ಮನೆ,
ಗುರುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಜ್ವರ ಪೂರ್ತಿ ಬಿಟ್ಟಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡು. ಎಣ್ಣೆ ಬಾಟಲಿ ಹಿಡಿದು ಕಂಪನಿಯವರ ಮುಂದೆ ಕಡ್ಡಿಯ ಹಾಗೆ ನಿಂತರೆ, ಪಾಚಿಯಿಂದ ಎಣ್ಣೆ ತೆಗೆಯುವವನು ಇವನೇನಾ ಅಂದಾರು. ಫೋನ್ ಮಾಡಿದಾಗೆಲ್ಲ ಆಫ್ ಅಂತಲೇ ಬರುತ್ತದೆ, ಅದಕ್ಕೇ ಲಾರಿ ಡ್ರೈವರಣ್ಣನ ಕೈಯಲ್ಲಿ ಈ ಕಾಗದ. "ನಿಮ್ ಕೊಳದ ಎಣ್ಣೆ ನನ್ ಲಾರಿಗೆ ಯಾವಾಗಮ್ಮಾ ಹಾಕ್ತೀರಿ?" ಅಂತ ಅವನು ತಮಾಷೆ ಮಾಡಿದ. ಏನು ಹೇಳಲಿ?

ಸುದ್ದಿ ಒಳ್ಳೆಯದಲ್ಲ ಕಣೋ. ನಿನ್ನ ಪಾಚಿಕೊಳಗಳೆಲ್ಲ ಹೋದವು. ನೀನು ಹೊರಟ ಮಾರನೆಯ ದಿನ ಬಾವಿ ಕಡೆಯ ಕೊಳದ ಹಸಿರು ಹೋಗಿ, ನೀರು ಪಾತ್ರೆ ತೊಳೆದ ಹಾಗಾಯಿತು. ನಿನ್ನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪಾಚಿ ತಿನ್ನುವ ಹುಳುಗಳು ಕಿಕ್ಕಿರಿದಿವೆ! ಅಪ್ಪ ಗಾಬರಿಯಾಗಿ ಉಪ್ಪು ಎಳೆಯುವ ಹಲಗೆ ತಂದು ಆ ಕೊಳ ಕಲಕಿದರು. ಆಮೇಲೆ ಅದೇ ಹಲಗೆಯಿಂದ ಉಳಿದವನ್ನೂ. ಜೀವಮಾನವಿಡೀ ಎಲ್ಲ ಉಪ್ಪಿನ ಮಡಿಗಳಿಗೂ ಒಂದೇ ಹಲಗೆ ಹಾಕಿದ ಕೈ, ಉಪ್ಪಿಗೆ ಯಾವ ರೋಗ ಅಂಟುತ್ತದೆ? ಕೊಳಕ್ಕೊಂದು ಕೋಲು ಅಂತ ನೀನು ಬಡಕೊಂಡಿದ್ದೆ. ನಾನು ಓಡಿಬರುವಷ್ಟರಲ್ಲಿ ಹುಳು ಎಲ್ಲ ಕೊಳಕ್ಕೂ ಅಂಟಿಯಾಗಿತ್ತು. ಈಗ ನೀರು ತಿರುವುವ ಚಕ್ರ ಕೊಳೆಯನ್ನೇ ತಿರುವುತ್ತಿದೆ, ಮನೆಯೊಳಗೆಲ್ಲ ನಾತ. ನಿಲ್ಲಿಸಲು ಅಪ್ಪ ಬಿಡುತ್ತಿಲ್ಲ. "ತಿರುಗಲಿ ಬಿಡೇ, ಹಸಿರು ಬರುತ್ತೆ" ಅಂತ ದಂಡೆ ಮೇಲೆ ಕೂತಿರುತ್ತಾರೆ. ನನಗೆ ಅಳುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಚಿಕ್ಕಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ನಾಳೆ ತಮ್ಮ ಉಪ್ಪಿನ ಮಡಿಗಳ ಬದು ಒಡೆದು ಅವರೂ ಪಾಚಿಕೊಳ ಮಾಡುತ್ತಾರಂತೆ. "ನಮ್ ಹುಡುಗ ಎಣ್ಣೆ ತೆಗ್ದು ತೋರಿಸಿದಾನಲ್ಲ, ಇನ್ನೇನ್ ಬೇಕು?" ಅಂತ ಎದೆಯುಬ್ಬಿಸಿ ಓಡಾಡುತ್ತಿದ್ದಾರೆ. ಆ ಮಡಿಗಳು ಬಿಟ್ಟರೆ ಅವರಿಗೆ ಬೇರೆ ಅನ್ನದ ದಾರಿಯಿಲ್ಲ. ಒಮ್ಮೆ ಒಡೆದರೆ ಆ ನೆಲ ಮತ್ತೆ ಉಪ್ಪಿನ ಹದಕ್ಕೆ ಬರಲು ವರ್ಷಗಳೇ ಬೇಕು. ನೀನು ಹೊಸದಾಗಿ ಪಾಚಿ ತಂದು ಬಿಟ್ಟರೆ ಎಲ್ಲ ಸರಿಹೋದೀತು ಅಂತ ನಾನೂ ಸುಮ್ಮನಿದ್ದೇನೆ.

ಮೈ ಕಡೆ ನಿಗಾ ಇರಲಿ. ಎಲ್ಲಿದ್ದರೂ ತಣ್ಣಗಿರಪ್ಪಾ.

ನಿನ್ನ
ಅಕ್ಕ

ಕಾಗದ ಮಡಿಸಿದ ಮೇಲೆ: ಅಪ್ಪ ಈಗಷ್ಟೇ ಒಳಗೆ ಬಂದು ಹೇಳಿ ಹೋದರು. ನೀನು ಒಯ್ದ ಬಾಟಲಿಯಲ್ಲಿರುವುದು ನಮ್ಮ ಕೊಳದ ಎಣ್ಣೆಯಲ್ಲ. ನೀನು ಜ್ವರದಲ್ಲಿ ಮಲಗಿದ್ದಾಗ ಅಪ್ಪನೇ ಪಾಚಿ ಹಿಂಡಿದರಲ್ಲ, ಬಾಟಲಿಯ ತಳವೂ ತುಂಬಲಿಲ್ಲವಂತೆ. ಎಚ್ಚರವಾದಾಗೆಲ್ಲ ನೀನು "ಬಂತಾ ಅಪ್ಪಾ?" ಅಂತ ಕೇಳುತ್ತಿದ್ದೆ, ಇಲ್ಲ ಅನ್ನಲು ಬಾಯಿ ಬರದೆ ಅಡುಗೆ ಎಣ್ಣೆಗೆ ಪಾಚಿ ಕದಡಿ ತುಂಬಿಸಿಟ್ಟರಂತೆ. ಅದನ್ನು ಯಾರಿಗೂ ಕೊಡಬೇಡ. ಕೊಟ್ಟಾಗಿದ್ದರೆ, ಅವರು ಪರೀಕ್ಷೆಗೆ ಹಾಕುವ ಮೊದಲೇ ನೀನೇ ಹೇಳಿಬಿಡು. ಅಯ್ಯೋ, ಚಿಕ್ಕಪ್ಪ ಇವತ್ತೇ ಹಾರೆ ಹಿಡಿದು ಬದುವಿನ ಮೇಲೆ ನಿಂತಿದ್ದಾರೆ ಕಣೋ. ಅಪ್ಪನೂ ಪಕ್ಕದಲ್ಲೇ ಇದ್ದಾರೆ, ತುಟಿಪಿಟಿಕ್ ಅನ್ನುತ್ತಿಲ್ಲ. ನಾನು ಹೋಗುತ್ತಿದ್ದೇನೆ. ಅಪ್ಪ ಮಾಡಿದ್ದನ್ನು ಅಪ್ಪನ ಎದುರಿಗೇ ಚಿಕ್ಕಪ್ಪನಿಗೆ ಹೇಳಬೇಕು.