ಸೇತುವೆ ದಾಟಲು ಕೊಟ್ಟ ಹೆಂಡತಿ

ಬ್ಯಾಡಗಿ
೯-೩-೧೯೯೮, ಸೋಮವಾರ

ನಮ್ಮ ಮನೆಯವರಿಗೆ ಖತೀಜಾಳ ಸಲಾಮು.

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವೂ ಅಲ್ಲಿ ಚೆನ್ನಾಗಿಯೇ ಇರುತ್ತೀರಿ. ಹೆಂಡತಿ ಇಲ್ಲದಿದ್ದರೂ ನಡೆಯುತ್ತದೆ ಎಂದು ನಿಮ್ಮ ಕಂಪ್ಯೂಟರ್ ಕ್ಲಾಸಿನ ಹುಡುಗರೆಲ್ಲರ ಎದುರು ಲೆಕ್ಕ ಹಾಕಿ ತೋರಿಸಿದವರು ನೀವು.

ನಿಮ್ಮ ಗೆಳೆಯ ಡಾಕಪ್ಪ ಶನಿವಾರ ಬಂದಿದ್ದರು. ನೀವು ಕಳಿಸಿದ ಬಾಳೆಹಣ್ಣು ಕೊಟ್ಟರು, ನನ್ನ ಆರೋಗ್ಯ ವಿಚಾರಿಸಿದರು, ಚಹಾ ಮುಗಿಯುವ ಹೊತ್ತಿಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, “ಭಾಬಿ, ಆ ಆಟದ ಫ್ಲಾಪಿ ಏನರ ನಿಮ್ಮ ಟ್ರಂಕಿನ್ಯಾಗ ಬಂದೈತೇನು, ಚೂರು ನೋಡ್ರಿ” ಎಂದರು. ಹೆಂಡತಿ ತವರಿಗೆ ಹೋದರೆ ಲೋಕದ ಗಂಡಂದಿರು ಹೆಂಡತಿಯನ್ನು ಹುಡುಕಿಕೊಂಡು ಬರುತ್ತಾರೆ. ನೀವು ಫ್ಲಾಪಿ ಹುಡುಕಿಸುತ್ತಿದ್ದೀರಿ. ನನಗೇನೂ ಗೊತ್ತಿಲ್ಲ ಎಂದು ಹೇಳಿ ಕಳಿಸಿದೆ. ಹಣ್ಣು ಚೆನ್ನಾಗಿದ್ದವು.

ಈ ಪತ್ರ ಬರೆಯಲು ಕಾರಣ ಬೇರೆ. ಬರುವ ಶುಕ್ರವಾರ ಜುಮ್ಮಾ ನಮಾಜು ಮುಗಿಸಿಕೊಂಡು ನಮ್ಮ ಕಡೆಯ ಹಿರಿಯರು ರಾಣೆಬೆನ್ನೂರಿಗೆ ಹೊರಟಿದ್ದಾರೆ. ಫಕ್ಕೀರಸಾಬ ಮಾಮು ಮುಂದಾಳು. ನಮ್ಮ ನಿಕಾಹಕ್ಕೆ ಸಾಕ್ಷಿ ನಿಂತವರೇ ಈಗ ಟೆಂಪೋ ಗೊತ್ತು ಮಾಡಿದ್ದಾರೆ. ಟೆಂಪೋ ಯಾಕೆಂದರೆ, ಬರುವಾಗ ನನ್ನ ಅಲಮಾರಿ, ಮಂಚ, ತಾಮ್ರದ ಹಂಡೆ ಎಲ್ಲ ಹೇರಿಕೊಂಡು ಬರುವುದಂತೆ. ಅಷ್ಟಕ್ಕೆಲ್ಲ ಏನಾಯಿತು ಎಂದು ನೀವು ಕೇಳಬಹುದು. ಹೇಳುತ್ತೇನೆ, ಸಿಟ್ಟಾಗಬೇಡಿ.

ಆಗಿದ್ದು ನಿಮಗೂ ಗೊತ್ತು. ಆ ಕಂಪ್ಯೂಟರ್ ಆಟದಲ್ಲಿ ನಾಲ್ವರು ಪ್ರಯಾಣಿಕರು. ನೀವೇ ಹೆಸರಿಟ್ಟಿರಿ. ಕತ್ತಿ ಹಿಡಿದವನಿಗೆ ನಿಮ್ಮ ಹೆಸರು, ಮಂತ್ರ ಹಾಕುವ ಮುದುಕಿಗೆ ನಿಮ್ಮ ಅಮ್ಮಿಯದು, ಕೀಲಿ ಮುರಿಯುವವನಿಗೆ ಡಾಕಪ್ಪನದು, ಗಾಯಕ್ಕೆ ಎಲೆ ಹಚ್ಚುವವಳಿಗೆ ನನ್ನದು. ಆ ದಿನ ನಾನು ಎಲ್ಲರಿಗೂ ಚಹಾ ತಂದಾಗ ನೀವು ಸೇತುವೆಗೆ ಬಂದಿದ್ದಿರಿ. ರಾಕ್ಷಸ ಅಡ್ಡ ನಿಂತು, ಒಬ್ಬರನ್ನು ನನಗೆ ಬಿಟ್ಟುಕೊಟ್ಟರೆ ಉಳಿದ ಮೂವರು ದಾಟಬಹುದು ಎಂದ. ನೀವು ಕಣ್ಣು ಮಿಟುಕಿಸದೆ ನನ್ನ ಹೆಸರು ಒತ್ತಿದಿರಿ. ಹುಡುಗರು ಚಪ್ಪಾಳೆ ಹೊಡೆದರು. ಯಾಕೆ ನನ್ನನ್ನೇ ಎಂದು ಕೇಳಿದೆ. ಆಗಲಾದರೂ ಕೈ ತಪ್ಪಿತು ಎಂದಿದ್ದರೆ ಮುಗಿದುಹೋಗುತ್ತಿತ್ತು. ನೀವು ಕುರ್ಚಿ ತಿರುಗಿಸಿ, “ನೋಡು, ಕತ್ತಿ ಬೇಕ ಬೇಕು, ಮಂತ್ರ ಬೇಕ ಬೇಕು, ಕೀಲಿ ತಗಿಯಾಂವ ಬೇಕು. ಔಷಧ ಅಂಗಡ್ಯಾಗೂ ಸಿಗತೈತಿ” ಎಂದಿರಿ. ಸೇತುವೆಗೆ ಮುಂಚೆ ಉಳಿಸಿಟ್ಟ ಆಟ ಇತ್ತಲ್ಲ, ಹಿಂದೆ ಹೋಗಿ ಬೇರೆ ಉತ್ತರ ಕೊಡಿ ಎಂದೆ. ಅಷ್ಟು ಆಡಿದ್ದೆಲ್ಲ ಹಾಳಾಗುತ್ತದೆ ಎಂದಿರಿ. ನಾನು ಟ್ರಂಕು ತುಂಬಿಕೊಂಡೆ.

ಇಲ್ಲಿ ಬಂದಾಗ ಅಳುತ್ತಿದ್ದೆ. ಏನಾಯಿತು ಎಂದು ಅಣ್ಣ ಚಾಂದಸಾಬ ಕೇಳಿದ. ಸೇತುವೆ ಹತ್ತಿರ ನನ್ನನ್ನು ಬಿಟ್ಟುಹೋದರು ಎಂದೆ. ಸಂಜೆಗೆ ಫಕ್ಕೀರಸಾಬ ಮಾಮು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಅವರು ಕೇಳಿದ ಒಂದೊಂದಕ್ಕೂ ನಾನು ಖರೇನೇ ಹೇಳಿದೆ. ಸೇತುವೆ ಹತ್ತಿರ ಯಾರಿದ್ದರು ಎಂದರು. ಒಬ್ಬ ದೈತ್ಯನಂಥವನು, ಕೈಯಲ್ಲಿ ಬಡಿಗೆ ಎಂದೆ. ಗಂಡ ಏನು ಮಾಡಿದ ಎಂದರು. ನನ್ನನ್ನು ಅವನ ಕೈಗೆ ಒಪ್ಪಿಸಿ ದಾಟಿ ಹೋದರು ಎಂದೆ. ಜೊತೆಗೆ ಯಾರಾದರೂ ಇದ್ದರೇ ಎಂದರು. ಅತ್ತೆ ಇದ್ದರು, ಡಾಕಪ್ಪ ಇದ್ದರು ಎಂದೆ. ಅತ್ತೆ ಏನೂ ಅನ್ನಲಿಲ್ಲವೇ ಎಂದರು. ಏನೂ ಅನ್ನಲಿಲ್ಲ, ಮೂವರೂ ಹಿಂದೆ ತಿರುಗಿ ಸಹ ನೋಡಲಿಲ್ಲ ಎಂದೆ. ನೀನು ಹೇಗೆ ಪಾರಾಗಿ ಬಂದೆ ಎಂದರು. ಬಸ್ಸು ಹತ್ತಿ ಬಂದೆ ಎಂದೆ.

ಅವರ ಪಾಲಿಗೆ ಸೇತುವೆ ಎಂದರೆ ಕುಮಾರಪಟ್ಟಣದ ಹೊಳೆಯ ಸೇತುವೆ. ಮಾಮು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, “ಮೂವತ್ತು ವರ್ಷ ಪಂಚಾಯ್ತಿ ಮಾಡೇನಿ, ಹೆಂತೆಂಥಾ ಗಂಡಂದ್ರನ್ನ ನೋಡೇನಿ. ಹೆಂಡತೀನ ಸೇತುವಿಗೆ ಸುಂಕ ಕಟ್ಟಿದಾಂವನ್ನ ನೋಡಿದ್ದಿಲ್ಲ” ಎಂದರು. ನಮ್ಮ ಅಮ್ಮ ಎದೆ ಬಡಿದುಕೊಂಡಳು. ಆ ಹೊತ್ತಿಗೆ ನನಗೂ ನನ್ನ ಮೇಲೆ ಎಷ್ಟು ಕನಿಕರ ಬಂದಿತ್ತೆಂದರೆ, ಅದು ಆಟ ಎಂಬ ಮಾತು ಬಾಯಿಗೆ ಬರಲೇ ಇಲ್ಲ.

ಮರುದಿನ ಹೇಳಿದೆ. ನಿಜವಾಗಿ ಹೇಳಿದೆ. ಅದೆಲ್ಲ ಕಂಪ್ಯೂಟರಿನೊಳಗೆ ನಡೆದದ್ದು ಎಂದು ಅಣ್ಣನಿಗೆ ತಿಳಿಸಿದೆ. ಅವನು ನನ್ನ ತಲೆ ಮೇಲೆ ಕೈಯಿಟ್ಟು ಕಣ್ಣಲ್ಲಿ ನೀರು ತಂದುಕೊಂಡ. “ಕಂಪ್ಯೂಟರಿನ್ಯಾಗ ಹೊಳಿ ಇರತೈತೇನವಾ, ಸೇತುವಿ ಇರತೈತೇನು? ಗಂಡನ್ನ ಉಳಸಾಕ ಎಷ್ಟ್ ಸುಳ್ಳ ಹೇಳಾಕತ್ತೀದಿ” ಎಂದ. ಈಗ ಓಣಿಯಲ್ಲೆಲ್ಲ ನಾನು ಬಲು ದೊಡ್ಡ ಪತಿವ್ರತೆ. ನಾನು ನಿಜ ಹೇಳಿದಷ್ಟೂ ನಿಮ್ಮ ಹೆಸರು ಕೆಡುತ್ತಿದೆ. ಆದ್ದರಿಂದ ಹೇಳುವುದು ಬಿಟ್ಟಿದ್ದೇನೆ.

ಡಾಕಪ್ಪ ಹೊರಡುವಾಗ ಇನ್ನೊಂದು ಮಾತು ಹೇಳಿದರು. ನಿಮ್ಮ ಅಮ್ಮಿ ಬಿಸ್ಮಿಲ್ಲಾಬಿಗೆ ಯಾರೋ ಎಲ್ಲವನ್ನೂ ಬಿಡಿಸಿ ಹೇಳಿದರಂತೆ. ಅವರು ನಿಮ್ಮನ್ನು ಅಡುಗೆಮನೆಗೆ ಕರೆದು, “ಮುದುಕಿ ನಾ ಇದ್ನಲ್ಲೋ, ನನ್ನ ಬಿಡಬೇಕಿತ್ತು. ಬಾಳಿ ಬದುಕೋ ಹುಡುಗೀನ ಬಿಟ್ಟು ಬಂದೀಯಲ್ಲೋ” ಎಂದು ಬೈದರಂತೆ. ಅದನ್ನು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. ಅಂಥ ಅತ್ತೆ ಎಲ್ಲರಿಗೂ ಸಿಗುವುದಿಲ್ಲ.

ಫ್ಲಾಪಿಯ ವಿಷಯ. ಅದು ನನ್ನ ಟ್ರಂಕಿನಲ್ಲಿದೆ. ತಾನಾಗಿ ಬಂದಿಲ್ಲ, ನಾನೇ ತಂದೆ. ಸೀರೆಯ ಮಡಿಕೆಯಲ್ಲಿಟ್ಟೆ. ನಾನಿಲ್ಲದೆ ಹೇಗೆ ದಾಟುತ್ತಾರೆ ನೋಡೋಣ ಎಂಬ ಹಟ.

ಅಣ್ಣ ಕೆಲಸ ಮಾಡುವ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಹೊಸ ಕಂಪ್ಯೂಟರು ಬಂದಿದೆ. ಅದನ್ನು ಹಚ್ಚುವುದು ಯಾರಿಗೂ ಬರುವುದಿಲ್ಲ, ಮಖಮಲ್ಲಿನ ಬಟ್ಟೆ ಹೊದಿಸಿ ದಿನಾ ಊದುಬತ್ತಿ ಬೆಳಗುತ್ತಾರೆ. ಒಂದು ಅರ್ಜಿ ಟೈಪು ಮಾಡಬೇಕೆಂದು ಸುಳ್ಳು ಹೇಳಿ ನಿನ್ನೆ ಮಧ್ಯಾಹ್ನ ಅಲ್ಲಿ ಕೂತೆ. ಅಣ್ಣ ಚೀಲಗಳಿಗೆ ಒರಗಿ ನಿದ್ದೆ ಹೊಡೆಯುತ್ತಿದ್ದ. ಘಾಟಿಗೆ ನಾನು ಸೀನುತ್ತಾ ಸೇತುವೆಯವರೆಗೆ ಹೋದೆ.

ರಾಕ್ಷಸ ಅದನ್ನೇ ಕೇಳಿದ. ನಾನು ನಿಮ್ಮನ್ನು ಬಿಟ್ಟುಕೊಟ್ಟೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬೆರಳಲ್ಲಿ ಒತ್ತಬಹುದೋ ಏನೋ, ಯಾವ ಹಿರಿಯರೂ ಹೇಳಿಕೊಟ್ಟಿಲ್ಲ. ಒತ್ತುವಾಗ ಸಂಕಟವಾಯಿತು ಎಂದು ಬರೆಯಬೇಕೆಂದಿದ್ದೆ. ಆಗಲಿಲ್ಲ. ಖುಷಿಯಾಯಿತು. ಆದರೆ ಆಚೆ ದಡದಲ್ಲಿ ತೋಳಗಳು ಬಂದವು, ಕತ್ತಿ ಹಿಡಿಯುವವರಿಲ್ಲ, ನಾವೆಲ್ಲ ಸತ್ತೆವು. ಮತ್ತೆ ಶುರು ಮಾಡಿ ಡಾಕಪ್ಪನನ್ನು ಬಿಟ್ಟೆ. ಕೋಟೆಯ ಬಾಗಿಲು ತೆರೆಯುವವರಿಲ್ಲದೆ ಚಳಿಯಲ್ಲಿ ನಿಂತೆವು. ನನ್ನನ್ನೇ ಬಿಟ್ಟು ನೋಡಿದೆ. ನೀವು ಹೇಳಿದ್ದು ಸರಿ, ಔಷಧ ಅಂಗಡಿಯಲ್ಲಿ ಸಿಗುತ್ತದೆ. ನಾನಿಲ್ಲದ ಮೂವರು ಎಲ್ಲರಿಗಿಂತ ದೂರ ಹೋದರು. ಅದನ್ನು ನೋಡಿದಾಗ ನನಗೆ ಎಷ್ಟು ದುಃಖವಾಯಿತೆಂದರೆ ಆಟವನ್ನು ಅಲ್ಲಿಗೇ ನಿಲ್ಲಿಸಿದೆ. ನಿಮ್ಮ ಅಮ್ಮಿಯ ಮಾತಂತೂ ಎತ್ತಬೇಡಿ, ಅವರನ್ನು ಬಿಡುವುದುಂಟೇ?

ಕೊನೆಗೆ ಯಾರನ್ನೂ ಕೊಡುವುದಿಲ್ಲ ಎಂದು ಒತ್ತಿದೆ. ರಾಕ್ಷಸ ಬೈಯಲಿಲ್ಲ, ಹೊಡೆಯಲಿಲ್ಲ. ನಾಲ್ವರೂ ಈಚೆ ದಡದಲ್ಲಿ ಬೆಂಕಿ ಹಾಕಿಕೊಂಡು ಕೂತರು. ಆಟ ಮುಂದೆ ಹೋಗುವುದಿಲ್ಲ, ಮುಗಿಯುವುದೂ ಇಲ್ಲ. ಇದನ್ನು ಮಾಡಿದವನು ಸರಿ ಉತ್ತರ ಎಂಬುದನ್ನೇ ಇಟ್ಟಿಲ್ಲ. ನಿಮ್ಮ ಪಕ್ಕದಲ್ಲಿ ನಾನು ಕೂತಿದ್ದೆ. ಅಣ್ಣ ಎದ್ದು ಅರ್ಜಿ ಮುಗಿಯಿತೇ ಎನ್ನುವವರೆಗೂ ಅದನ್ನೇ ನೋಡುತ್ತಿದ್ದೆ. ನನಗೆ ಮನೆಗೆ ಬರಬೇಕೆನಿಸಿದೆ, ರೀ.

ಈಗ ಕಿವಿಗೊಟ್ಟು ಕೇಳಿ. ಶುಕ್ರವಾರ ನಾನೂ ಆ ಟೆಂಪೋದಲ್ಲಿ ಬರುತ್ತೇನೆ. ಹೆಂಡತಿಯನ್ನು ಯಾಕೆ ಬಿಟ್ಟೆ ಎಂದು ಮಾಮು ಕೇಳುತ್ತಾರೆ. ನೀವು ಕತ್ತಿ, ಕೀಲಿ, ಮಂತ್ರ ಎಂದು ಶುರುಮಾಡಿದರೆ ನಾನು ಬಾಯಿ ಬಿಡುವುದಿಲ್ಲ, ಅಲಮಾರಿ ಟೆಂಪೋ ಏರುತ್ತದೆ. “ತಪ್ಪಾತ್ರಿ” ಅನ್ನಿ. ಮುಂದೆ ಪದ ಸೇರಿಸಬೇಡಿ. ಆಗ ನಾನು ಫ್ಲಾಪಿ ತೆಗೆದುಕೊಡುತ್ತೇನೆ. ಫಕ್ಕೀರಸಾಬ ಮಾಮುವನ್ನೇ ಕುರ್ಚಿಯಲ್ಲಿ ಕೂರಿಸಿ, ನಾಲ್ವರಿಗೆ ಅವರ ಮನೆಯವರ ಹೆಸರನ್ನೇ ಇಟ್ಟು ಸೇತುವೆಗೆ ಕಳಿಸಿ. ಮೂವತ್ತು ವರ್ಷ ಪಂಚಾಯ್ತಿ ಮಾಡಿದವರು, ಒತ್ತಲಿ ನೋಡೋಣ. ಬ್ಯಾಡಗಿಯವರೆಲ್ಲ ಆಮೇಲೆ ನನ್ನನ್ನು ನೋಡಿ ನಗುತ್ತಾರೆ. ನಗಲಿ. ನಾನು ನಿಮ್ಮ ಮನೆಯಲ್ಲಿರುತ್ತೇನೆ, ನನಗೆ ಕೇಳಿಸುವುದಿಲ್ಲ.

ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿಸಿಡಿ. ಹಿರಿಯರು ನೋಡುತ್ತಾರೆ.

ಇಂತಿ ನಿಮ್ಮ,
ಈಚೆ ದಡದಲ್ಲಿ ಕೂತಿರುವ
ಖತೀಜಾ

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದು ಆಟ ಬಿಟ್ಟುಹೋಗಿದೆ. ಎಲ್ಲಕ್ಕಿಂತ ಮೊದಲಿನದು. ರಾಕ್ಷಸನ ಪ್ರಶ್ನೆಯನ್ನು ಪೂರ್ತಿ ಓದುವುದರೊಳಗೇ ನಾನು ನಿಮ್ಮ ಅಮ್ಮಿಯ ಹೆಸರು ಒತ್ತಿಬಿಟ್ಟಿದ್ದೆ. ಅದನ್ನು ಅವರಿಗೆ ಹೇಳುವುದೋ ಬಿಡುವುದೋ, ಇನ್ನು ಒತ್ತುವ ಸರದಿ ನಿಮ್ಮದು.