ಹೊಳೆಯ ಈಚೆ ದಡದಿಂದ

ಎಲ್ಬೆ ಹೊಳೆಯ ದಕ್ಷಿಣ ದಡ
೯ ಅಕ್ಟೋಬರ್ ೨೦೧೯, ಬುಧವಾರ

ಪ್ರೀತಿಯ ಅಕ್ಕ ಗೇಶೆಗೆ,

ಹೇಗಿದ್ದೀಯ? ಬೆರೆಂಟ್ ಭಾವ, ನಾನಿನ್ನೂ ನೋಡದ ನಿನ್ನ ಮಗಳು, ಎಲ್ಲರೂ ಆರೋಗ್ಯವೇ? ನಿನ್ನ ಕಾಗದ ಬಂದು ಹತ್ತಿರ ಹತ್ತಿರ ಒಂದು ವರ್ಷವಾಯಿತು. ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬರೆದಿದ್ದೆ, ಸರಿಬರಲಿಲ್ಲ ಎಂದು ಒಲೆಗೆ ಹಾಕಿದೆ. ಹತ್ತನೇ ಕ್ಲಾಸಿನವರೆಗೂ ನನ್ನ ಪ್ರಬಂಧಗಳನ್ನೆಲ್ಲ ಬರೆದುಕೊಟ್ಟವಳು ನೀನು. ನನ್ನ ಬರವಣಿಗೆ ಎಷ್ಟರದ್ದು ಅಂತ ನಿನಗೆ ಹೇಳಬೇಕಾಗಿಲ್ಲ.

ಮೊದಲು ಸುದ್ದಿ. ಬಡಗಿಗಳ ಪದ್ಧತಿಯಂತೆ ಊರೂರು ತಿರುಗಿ ಕೆಲಸ ಮಾಡುವ ನನ್ನ ಮೂರು ವರ್ಷ ಒಂದು ದಿನ ಮುಗಿಯಿತು. ಊರಿನ ಸುತ್ತ ಐವತ್ತು ಕಿಲೋಮೀಟರಿನೊಳಗೆ ಕಾಲಿಡಬಾರದು ಎನ್ನುವ ಕಟ್ಟು ಇನ್ನು ನನ್ನ ಮೇಲಿಲ್ಲ. ಶನಿವಾರ ಮಧ್ಯಾಹ್ನ ನಮ್ಮೂರಿನ ಹೆಸರು ಬರೆದ ಫಲಕದ ಹತ್ತಿರ ಇರುತ್ತೇನೆ. ಊರ್ಸ್ ಜೊತೆಗಿದ್ದಾನೆ. ನನ್ನ ಹಾಗೇ ಊರು ಬಿಟ್ಟು ತಿರುಗುತ್ತಿರುವ ಸ್ವಿಸ್ ಬಡಗಿ. ಇನ್ನೂ ಕೆಲವರು ದಾರಿಯಲ್ಲಿ ಸೇರಿಕೊಳ್ಳುತ್ತಾರೆ. ಹೊರಟ ದಿನ ಫಲಕ ಹತ್ತಿ ಆಚೆ ಇಳಿದ ಹಾಗೆ ಬರುವಾಗ ಹತ್ತಿ ಈಚೆ ಇಳಿಯಬೇಕಲ್ಲ, ಇಳಿಯುವವನನ್ನು ಹಿಡಿದುಕೊಳ್ಳುವುದು ಮನೆಯವರು. ಈಗ ಮನೆಯವರು ಅಂದರೆ ನೀನೊಬ್ಬಳೇ. ನೀನು ಬರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ‘ಎಲ್ಲ ಗೊತ್ತಿದ್ದೂ ಬೆನ್ನು ತಿರುಗಿಸಿ ಹೋದೆ. ನನಗೆ ತಮ್ಮ ಇಲ್ಲ ಅಂದುಕೊಳ್ತೀನಿ’ ಎಂದು ನೀನು ಆ ಕಾಗದದಲ್ಲಿ ಬರೆದಿದ್ದೆ. ಆಮೇಲೆ ನಿನ್ನಿಂದ ಏನೂ ಬಂದಿಲ್ಲ.

ಈಗ ಒಂದು ರೈತರ ಮನೆಯ ಕೊಟ್ಟಿಗೆಯಲ್ಲಿದ್ದೇವೆ. ಅವರ ದೊಡ್ಡ ಬಾಗಿಲಿನ ಕೊಳೆತ ತೊಲೆ ಬದಲಾಯಿಸಿ ಕೊಟ್ಟೆವು. ನಿನ್ನೆ ಊಟದ ಹೊತ್ತಿಗೆ ಯಜಮಾನ ಕೇಳಿದ.

“ಮೂರು ವರ್ಷ ಸುತ್ತಿದ್ದೀಯಲ್ಲ, ಪ್ಯಾರಿಸ್ ಹೇಗಿದೆಯಪ್ಪಾ?”

“ನೋಡಿಲ್ಲ. ಕೋಸುಗಡ್ಡೆ ಲಾರಿಯಲ್ಲಿ ಮಲಗಿದ್ದೆ, ದಾಟಿಹೋಯ್ತು.”

“ವೆನಿಸ್?”

“ಅಲ್ಲಿ ನಮಗೆ ಯಾರೂ ಕೆಲಸ ಕೊಡಲಿಲ್ಲ.”

ಅವನ ಹೆಂಡತಿ ನಕ್ಕು, “ಮತ್ತೇನು ನೋಡಿದೆ ಮಾರಾಯ, ಬರೀ ಚಾವಣಿನಾ?” ಎಂದಳು.

ಊರ್ಸ್ ಬಿಡುತ್ತಾನೆಯೇ? “ಅದೂ ಒಳಗಡೆಯಿಂದ ಅಮ್ಮಾ. ಯೂರೋಪಿನ ಜೇಡರ ಬಲೆಯೆಲ್ಲ ಇವನ ತಲೆ ಮೇಲೇ ಇದೆ” ಎಂದ.

ನಿಜ ಹೇಳಬೇಕೆಂದರೆ ಅಷ್ಟೇ ನೋಡಿದ್ದು. ಪೋರ್ಚುಗಲ್ಲಿನಲ್ಲಿ ಇದಲೀನ ಎಂಬ ಮುದುಕಿಯ ಮನೆಗೆ ಜಂತೆ ಹಾಕಿದೆ. ದಿನಾ ಮೀನು ಸುಟ್ಟು ಬಡಿಸುತ್ತಿದ್ದಳು. ಹೊರಡುವ ದಿನ, “ಇನ್ನೊಂದು ವಾರ ಇರೋ, ಅಡುಗೆಮನೆ ಬಾಗಿಲೂ ಕಿರುಗುಡುತ್ತೆ” ಎಂದಳು. ಬಾಗಿಲಿಗೆ ಏನೂ ಆಗಿರಲಿಲ್ಲ. ನಾರ್ವೆಯಲ್ಲಿ ದೋಣಿಮನೆ ಕಟ್ಟಿದೆವು. ರುಮೇನಿಯಾದಲ್ಲಿ ಒಂದು ಮರದ ಚರ್ಚಿಗೆ ಹಲಗೆ ಹೊದಿಸಿದೆವು. ಅಲ್ಲಿ ಮೂರು ಹೊತ್ತೂ ಜೋಳದ ಮುದ್ದೆ, ಜೊತೆಗೆ ಹುಳಿ ಕೆನೆ. ಫೋನ್ ಇಟ್ಟುಕೊಳ್ಳುವ ಹಾಗಿಲ್ಲವಲ್ಲ, ನಿನ್ನ ಕಾಗದ ಎಲ್ಲೆಲ್ಲೋ ಸುತ್ತಿ ಆ ಚರ್ಚಿನ ಹತ್ತಿರ ಸಿಕ್ಕಿತು. ಅಷ್ಟರಲ್ಲಿ ಅಪ್ಪನನ್ನು ಮಣ್ಣು ಮಾಡಿ ಮೂರು ವಾರವಾಗಿತ್ತು. ನಾನು ಮತ್ತೆ ಮೇಲೆ ಹತ್ತಿ ಕತ್ತಲಾಗುವವರೆಗೂ ಮೊಳೆ ಹೊಡೆದೆ. ಬೇರೇನು ಮಾಡಬೇಕು ಅಂತ ಗೊತ್ತಾಗಲಿಲ್ಲ.

ತಿರುಗಾಟ ಮುಗಿಯುತ್ತಿದೆ ಅಂತ ಸಂತೋಷವಾಗಿದೆ ಅಂದರೆ ಸುಳ್ಳು. ದುಃಖ ಅಂದರೆ ಅದೂ ಸುಳ್ಳು. ಒಂದೇ ಜಾಗದಲ್ಲಿ ಮೂರು ತಿಂಗಳ ಮೇಲೆ ನಿಂತವನಲ್ಲ ನಾನು. ನಮ್ಮ ಬೀದಿಯಲ್ಲಿ ದಿನಾ ಅದೇ ಬ್ರೆಡ್ ಅಂಗಡಿ, ಅದೇ ನಾಯಿ. ಈ ಕಾಲುಗಳು ಏನು ಮಾಡುತ್ತವೋ. ಅಪ್ಪನ ಮರಗೆಲಸದ ಕಾರ್ಖಾನೆಯ ಬೀಗ ತೆಗೆದು ಕೆಲಸ ಶುರು ಮಾಡಬೇಕು ಅಂತ ಮನಸ್ಸಿದೆ. ನೀನು ಒಪ್ಪಿದರೆ.

ಇನ್ನು ನಿನ್ನ ಮದುವೆಯ ವಿಷಯ. ಇದರ ಬಗ್ಗೆ ನಾವು ಮಾತಾಡೇ ಇಲ್ಲ. ನಾನು ಬರಲಿ ಎಂದೇ ನೀನು ಊರಲ್ಲಿ ಬೇಡ ಅಂತ ಹಟ ಹಿಡಿದು, ಎದುರು ದಡದ ಹಳ್ಳಿಯ ಚರ್ಚಿನಲ್ಲಿ ಇಟ್ಟುಕೊಂಡೆ. ಭಾವನ ಕಾರಿನಲ್ಲಿ ಅಳೆದಾಗ ಐವತ್ತೆಂಟು ಕಿಲೋಮೀಟರ್ ಬಂತು ಅಂತ ಎಷ್ಟು ಖುಷಿಯಿಂದ ಬರೆದಿದ್ದೆ! ಅಕ್ಕ, ನಮ್ಮ ಲೆಕ್ಕ ರಸ್ತೆಯದಲ್ಲ. ನಕ್ಷೆಯಲ್ಲಿ ಊರಿನ ಮೇಲೆ ಕೈವಾರದ ಮುಳ್ಳು ಇಟ್ಟು ಸುತ್ತ ಗೆರೆ ಎಳೆಯುತ್ತೇವೆ. ಆ ಗೆರೆ ಹೊಳೆಯ ನಡುವೆ ಹಾದುಹೋಗುತ್ತದೆ. ಚರ್ಚು ಒಳಗೆ, ಈ ದಡ ಹೊರಗೆ. ಮದುವೆಯ ಬೆಳಿಗ್ಗೆ ಈ ದಡಕ್ಕೆ ಬಂದು ನಕ್ಷೆ ಬಿಡಿಸಿದಾಗ ಗೊತ್ತಾಯಿತು. ದೋಣಿಯವನ ಕೈಲಿ ಹೇಳಿಕಳಿಸಿದೆ. ಗಂಟೆ ಹೊಡೆದದ್ದು ಕೇಳಿಸಿತು. ನೀನು ಹೊರಗೆ ಬಂದದ್ದೂ ಕಾಣಿಸಿತು. ಬಿಳಿ ಬಟ್ಟೆ ಅಷ್ಟೇ, ಮುಖ ಕಾಣಲಿಲ್ಲ.

ಆಮೇಲೆ ಅಪ್ಪ ಒಬ್ಬನೇ ದೋಣಿಯಲ್ಲಿ ಬಂದ. ಒಂದು ತಟ್ಟೆಯಲ್ಲಿ ನಿನ್ನ ಮದುವೆಯ ಕೇಕು, ಎರಡು ಬಾಟಲಿ ಬಿಯರು.

“ಏನೋ, ದಡ ಕಾಯ್ತಾ ಇದ್ದೀಯಾ?” ಎಂದ.

“ಒಂದೇ ಒಂದು ಕಿಲೋಮೀಟರಪ್ಪಾ. ದಾಟಿಬಿಡ್ಲಾ?”

“ದಾಟಿದ್ರೆ, ಕಟ್ಟು ಮುರಿದವನಿಗೆ ಮಾಡೋ ಹಾಗೆ ನಿನ್ನ ಕಿವಿಯ ಓಲೆ ನಾನೇ ಕಿತ್ಕೋತೀನಿ. ನನ್ನ ತಿರುಗಾಟದ ಕಾಲದಲ್ಲಿ ನಾನು ನಮ್ಮಜ್ಜಿಯ ತೊಂಬತ್ತನೇ ಹುಟ್ಟುಹಬ್ಬಕ್ಕೇ ಹೋಗಿರ್ಲಿಲ್ಲ. ನಿಮ್ಮಕ್ಕನಿಗೆ ಕೈವಾರದ ಲೆಕ್ಕ ನಾನು ಹೇಳಬೇಕಿತ್ತು, ಮರೆತೆ. ಅಲ್ಲಿ ಎಲ್ಲರ ಮೇಲೂ ಕೂಗಾಡ್ತಾ ಇದ್ದಾಳೆ.”

ಇಬ್ಬರೂ ಕಟ್ಟೆಯ ಮೇಲೆ ಕೂತೆವು. ದೋಣಿಯ ಹಲಗೆ ತೋರಿಸಿ, “ಓಕ್ ಹಾಕೋದು ಬಿಟ್ಟು ಪೈನ್ ಹಾಕಿದ್ದಾನೆ ಕತ್ತೆ” ಎಂದು ಬೈದ. ನಾರ್ವೆಯವರು ಕಂಬಕ್ಕೆ ಹೇಗೆ ಕಚ್ಚು ಹಾಕುತ್ತಾರೆ ಅಂತ ಬಿಡದೆ ಕೇಳಿದ. ಏಳುವಾಗ ನನ್ನ ಹೆಗಲು ಹಿಡಿದುಕೊಂಡು ಎದ್ದ. “ಪೂರ್ತಿ ಮುಗಿಸ್ಕೊಂಡೇ ಬಾ” ಎಂದ. ದೋಣಿ ಹೊರಟ ಮೇಲೆ ನಾನೂ ಹೊರಟೆ.

ಕ್ಷಮೆ ಕೇಳಬೇಕಾದದ್ದು ಮದುವೆಗೆ ಬಾರದ್ದಕ್ಕೆ. ಕೇಳುತ್ತಿದ್ದೇನೆ. ಶನಿವಾರ ನೀನು ಬಂದರೆ ಬಹಳ ಸಂತೋಷ. ಬರದಿದ್ದರೆ ಊರ್ಸ್ ಹಿಡಿದುಕೊಳ್ಳುತ್ತಾನೆ. ಅವನು ಇಲ್ಲೇ ಕೂತು, “ನಾನು ಹಿಡಿಯಲ್ಲ, ಬೀಳಲಿ ಅಂತ ಬರಿ” ಅನ್ನುತ್ತಿದ್ದಾನೆ.

ಭಾವನಿಗೆ ನನ್ನ ನೆನಪು ಹೇಳು. ನಿನ್ನ ಮಗಳು ಗಟ್ಟಿಯಾಗಿ ಬೆಳೆಯಲಿ, ನಿನ್ನಷ್ಟೇ ಹಟಮಾರಿಯಾಗಲಿ. ಅವಳಿಗೊಂದು ಮರದ ಬಾತುಕೋಳಿ ಮಾಡಿದ್ದೇನೆ. ತಣ್ಣಗಿರಿ.

ನಿನ್ನ ತಮ್ಮ,
ಹಿನ್ನರ್ಕ್

ತಾ.ಕ.: ಇದನ್ನು ಬರೆಯುವುದು ಬೇಡ ಎಂದುಕೊಂಡಿದ್ದೆ. ಹೀಗೇ ಬಂದು ನಿನ್ನ ಎದುರು ನಿಲ್ಲಲಿಕ್ಕೆ ಆಗುವುದಿಲ್ಲ. ಅವತ್ತು ಅಪ್ಪ ಹೊಳೆ ದಾಟಿದ್ದು ಕಾಯಿಲೆಯ ವಿಷಯ ನನಗೆ ಹೇಳಲಿಕ್ಕೆ ಅಂತ ನೀನು ತಿಳಿದಿದ್ದೀಯ. ಅಪ್ಪ ಹೇಳಲಿಲ್ಲ ಅಕ್ಕ. “ಕೋಟು ಯಾಕಪ್ಪಾ ಇಷ್ಟು ದೊಗಳೆ?” ಅಂತ ನಾನೇ ಕೇಳಿದೆ. “ಬಾಡಿಗೆದು ಕಣೋ” ಎಂದ. ನಾನು ನಕ್ಕೆ. ಹೆತ್ತವರು ಸಾಯುವ ಸ್ಥಿತಿಯಲ್ಲಿದ್ದರೆ ಗೆರೆ ದಾಟಬಹುದು. ಯಾರೂ ತಪ್ಪು ಅನ್ನುವುದಿಲ್ಲ, ಅದೂ ನಮ್ಮ ಕಟ್ಟಿನಲ್ಲೇ ಇದೆ. ನಿನಗೆ ಅದು ಗೊತ್ತಿರಲಿಕ್ಕಿಲ್ಲ. ಅಪ್ಪನಿಗೆ ಗೊತ್ತಿತ್ತು.