ಮೂಗಿನ ಭಾರ

ಇಳಕಲ್,
೧೮ ಆಗಸ್ಟ್ ೨೦೨೫, ಸೋಮವಾರ

ಸುನೀಲಕುಮಾರ ಅವರಿಗೆ ಮಹೇಶ್ವರಿಯ ಶರಣು ಶರಣಾರ್ಥಿ.

ಫೋನಿನಲ್ಲಿ ಎರಡನೇ ಮಾತಿಗೇ ನಮ್ಮ ಜಗಳ ಶುರುವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ರವಿವಾರ ಕಾರು ತಂದು ಮಾವನವರನ್ನು ನವನಗರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೀರಿ. ನಿಮ್ಮ ತಂದೆಯನ್ನು ನೀವು ಕರೆದರೆ ನಾನು ಯಾವ ಬಾಯಿಂದ ಬೇಡ ಎನ್ನಲಿ? ನನ್ನನ್ನು ಕೇಳದೆ ನೀವು ಅಲ್ಲಿಗೆ ವರ್ಗ ಮಾಡಿಸಿಕೊಂಡಿರಿ, ಹೊಲಿಗೆ ಕ್ಲಾಸು ಬಿಟ್ಟು ಬರುವುದಿಲ್ಲ ಎಂದು ನಾನು ಕೂತೆ. ಈಗ ಹಿರಿಯರನ್ನು ಕೂಡಿಸಿ ಸಂಬಂಧ ಬಿಡಿಸಿಕೊಂಡುಬಿಡೋಣ ಎನ್ನುತ್ತೀರಿ. ವಾದ ಮಾಡುವ ತ್ರಾಣ ನನಗೆ ಉಳಿದಿಲ್ಲ. ಇದು ವಿಮಾನದ ಬಗ್ಗೆ ಪತ್ರ.

ಎಪ್ಪತ್ತೊಂದರ ಯುದ್ಧದಲ್ಲಿ ಮಾವನವರು ರಿಪೇರಿ ಮಾಡುತ್ತಿದ್ದ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನದ ಕಥೆ ಕೇಳಿ ಕೇಳಿ ನಿಮಗೆ ಬೇಸರ ಬಂದಿತ್ತಲ್ಲ, ಅದೇ ವಿಮಾನ. ನೀವು ಹೋದ ಮೇಲೆ ಅವರು ಮಾತು ಬಿಟ್ಟರು. ಗೋಡೆ ನೋಡುತ್ತ ಕೂಡುವುದೊಂದೇ ಕೆಲಸ. ನೋಡಲಾಗದೆ ಆನ್‌ಲೈನಿನಲ್ಲಿ ಹುಡುಕಿ ಅದರ ಪ್ಲಾಸ್ಟಿಕ್ ಮಾದರಿಯೊಂದನ್ನು ತರಿಸಿದೆ. ಎಲ್ಲಕ್ಕಿಂತ ಅಗ್ಗದ್ದು, ಬಿಡಿಭಾಗಗಳನ್ನು ನಾವೇ ಅಂಟಿಸಿ ಜೋಡಿಸಬೇಕು. ಡಬ್ಬಿ ಬಿಚ್ಚಿದವರೇ ಮಾವನವರು, "ಇದನ್ನ ಮಾಡಿದಾಂವ ಖರೇ ವಿಮಾನ ನೋಡೇ ಇಲ್ಲ" ಎಂದರು. ಎಷ್ಟೋ ದಿನಗಳ ಮೇಲೆ ಕೇಳಿದ ಧ್ವನಿ, ಬೈಗುಳವಾದರೂ ಹಿತವಾಗಿತ್ತು.

ಅವರು ಬೈದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ರೆಕ್ಕೆಗೂ ಒಡಲಿಗೂ ನಡುವೆ ಉಗುರು ತೂರುವಷ್ಟು ಸಂದು. ಪೈಲಟ್ ಕೂಡುವಲ್ಲಿ ಮಣೆಯಂಥ ಒಂದು ಕುರ್ಚಿ ಬಿಟ್ಟರೆ ಏನೂ ಇಲ್ಲ. ಬಿಪಿ ಗುಳಿಗೆಯ ಬೆಳ್ಳಿಹಾಳೆ ಕತ್ತರಿಸಿ ಕುರ್ಚಿಗೆ ಬೆಲ್ಟು ಮಾಡಿದರು. ಚಕ್ರದ ಗೂಡಿನೊಳಗೆ ಪೈಪುಗಳೆಂದು ನನ್ನ ಹೊಲಿಗೆ ದಾರ ಅಂಟಿಸಿದರು. ಕೈ ನಡುಗುತ್ತದೆ, ನಾನು ಮೊಣಕೈ ಹಿಡಿದುಕೊಂಡಿರಬೇಕು. ಸಂದು ತುಂಬಲು ಏನಾದರೂ ನುಣ್ಣನೆಯ ಪುಡಿ ಬೇಕು ಎಂದಾಗ ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಯನ್ನು ಕುಟ್ಟಿ ಕೊಟ್ಟವಳು ನಾನೇ. ವಿಭೂತಿ ತಾಗಿದ್ದೇ ತಡ, ಮೊದಲೇ ಥಟ್ಟನೆ ಕಚ್ಚುವ ಆ ಅಂಟು ಹೊಗೆಯಾಡಿ ಕಲ್ಲಾಯಿತು. ಮಾವನವರ ಹೆಬ್ಬೆರಳು ರೆಕ್ಕೆಗೆ ಕಚ್ಚಿಕೊಂಡಿತು. ಪೂಜೆ ತಪ್ಪಿಸುವವರೇ ಅವರು? ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ವಿಮಾನ, ಹಾಗೆಯೇ ಪೂಜೆ ಮುಗಿಸಿದರು. ಪಕ್ಕದ ಮನೆಯ ದಾನೇಶ್ವರಿ ಉಗುರುಬಣ್ಣ ಅಳಿಸುವ ನೀರು ತಂದು ಬಿಡಿಸಿದಳು. ಅದಕ್ಕೆ ಪ್ಲಾಸ್ಟಿಕ್ಕೂ ಕರಗಿ ರೆಕ್ಕೆಯ ಮೇಲೆ ಬೆರಳಿನ ಗುರುತು ಉಳಿಯಿತು. ಉಜ್ಜಿ ತೆಗೆಯುತ್ತೇನೆ ಎಂದರೆ, "ಇರ್ಲಿ ಬಿಡು, ಮೆಕ್ಯಾನಿಕ್ಕಿನ ಬೆರಳು ಹತ್ತಲಾರದ ವಿಮಾನ ಯಾವ್ದೈತಿ" ಎಂದರು. ನಕ್ಕು ನಕ್ಕು ನನಗೆ ಅಳು ಬಂತು.

ಬಣ್ಣ ಹಚ್ಚಿ ಮೇಜಿನ ಮೇಲಿಟ್ಟರೆ ಅದು ಮೂಗೆತ್ತಿ ಬಾಲದ ಮೇಲೆ ಕೂತುಬಿಟ್ಟಿತು. "ಮೂಗಿನ್ಯಾಗ ಭಾರ ಇರಲಿಲ್ಲಂದ್ರ ಹಿಂಗ ಕುಂದರತೈತಿ. ಅಷ್ಟು ವರ್ಷ ಕೆಲಸಾ ಮಾಡಿ ನಾನ ಮರ್ತೆ ನೋಡು" ಎಂದು ತಲೆ ಹಿಡಿದುಕೊಂಡರು. ಮತ್ತೆ ಅದೇ ಗೋಡೆ. ಊಟಕ್ಕೂ ಏಳಲಿಲ್ಲ, ನನಗೆ ಹೆದರಿಕೆಯಾಯಿತು. ಮರುದಿನ ಒತ್ತಾಯ ಮಾಡಿ ಮೂಗಿನ ತುದಿ ಕೊಯ್ಯಿಸಿ ಒಳಗೆ ಮೊಳೆ ತುರುಕಿದೆ, ಸಾಲಲಿಲ್ಲ. ಬೆರಳ ತುದಿಯಷ್ಟು ಜಾಗ, ಅದರಲ್ಲೇ ಹೆಚ್ಚು ಭಾರ ಕೂಡಬೇಕು. ಕಡೆಗೆ ಮನೆಯಲ್ಲೇ ಒಂದು ಸಾಮಾನು ಸಿಕ್ಕಿತು. ಹಾಕಿ, ಅದೇ ವಿಭೂತಿ ಅಂಟಿನಿಂದ ಮೂಗು ಮುಚ್ಚಿದೆ. ಈಗ ಮೂರೂ ಚಕ್ರದ ಮೇಲೆ ನೆಟ್ಟಗೆ ನಿಂತಿದೆ. ಅದನ್ನು ಎದುರಿಗಿಟ್ಟುಕೊಂಡು ಆವತ್ತು ಒಂದು ರೊಟ್ಟಿ ಹೆಚ್ಚು ತಿಂದರು.

ನವನಗರಕ್ಕೆ ಹೋಗಲು ಮನಸ್ಸಿದೆಯೇ ಎಂದು ಕೇಳಿದೆ. "ಪೋಸ್ಟಿಂಗ್ ಬಂದ್ರ ಹೋಗೂದ ಯವ್ವಾ, ನಮ್ಮನ್ನ ಕೇಳಾವ್ರ್ಯಾರು" ಎಂದರು. ಅವರನ್ನು ಇಲ್ಲೇ ಬಿಡಿ ಎನ್ನಲು ನನಗೆ ಹಕ್ಕಿಲ್ಲ. ಆದರೆ ಅವರೂ ಹೋದ ಮೇಲೆ ಈ ಮನೆಯಲ್ಲಿ ನಾನು ಯಾರ ಸೊಸೆ? ಯೋಚಿಸಿ ಯೋಚಿಸಿ ದಣಿದಿದ್ದೇನೆ.

ರವಿವಾರ ವಿಮಾನವನ್ನು ಡಿಕ್ಕಿಯಲ್ಲಿ ಹಾಕಬೇಡಿ, ಅವರ ತೊಡೆಯ ಮೇಲಿರಲಿ. ದಾರಿಯಲ್ಲಿ ಅದರ ಕಥೆ ತೆಗೆದರೆ ಮೊದಲ ಸಲ ಕೇಳಿದವರಂತೆ ಕೇಳಿ. ರಾತ್ರಿಯ ಹಾಲಿಗೆ ಸಕ್ಕರೆ ಬೇಡ.

ಇಂತಿ,
ಮಹೇಶ್ವರಿ

ತಾ.ಕ.: ಮೂಗಿನಲ್ಲಿರುವುದು ನನ್ನ ಕಾಲುಂಗುರಗಳು. ಬಿಡಿಸಿಕೊಳ್ಳುವ ಮಾತು ಬಂದ ದಿನ ತೆಗೆದಿಟ್ಟಿದ್ದೆ, ನೀವು ಬಂದಾಗ ನಿಮ್ಮ ಕೈಗೇ ಕೊಡೋಣವೆಂದು. ಗಟ್ಟಿ ಬೆಳ್ಳಿ, ಇಕ್ಕಳದಿಂದ ಮಡಚಿದರೆ ಸರಿಯಾಗಿ ಕೂತವು. ಮಾವನವರಿಗೆ ಗೊತ್ತಾಗಿಲ್ಲ ಎಂದುಕೊಂಡಿದ್ದೆ. ಇವತ್ತು ನನ್ನ ಬರಿಗಾಲು ನೋಡಿ, "ಸುನೀಲ ಕೇಳಿದ್ರ, ವಿಮಾನ ಒಡೀಲಾರದ ಅವು ಹೊರಗ ಬರೂದಿಲ್ಲ ಅಂತ ಹೇಳು. ನಾ ಇರೂತನಕ ಒಡ್ಯಾಕ ಬಿಡೂದಿಲ್ಲ ಅಂತನೂ ಹೇಳು" ಎಂದರು. ಅವರು ಹೇಳಿದಂತೆಯೇ ಬರೆದಿದ್ದೇನೆ. ಒಡೆಯುವ ಮನಸ್ಸು ನನಗೂ ಇಲ್ಲ.